ಪಾಯ ತೋಡುವ ಮುಂಚೆ ಕೇಳಬೇಕಾದ ಪ್ರಶ್ನೆ

ಬೋರ್‌ಹೋಲ್ ಹಾಕೋದು, ಸ್ಯಾಂಪಲ್ ತೆಗೆಯೋದು, ಬೇರಿಂಗ್ ಕೆಪಾಸಿಟಿ ಲೆಕ್ಕ ಹಾಕೋದು, ಇದೆಲ್ಲಾ ಸಿವಿಲ್ ಬ್ರಾಂಚ್‌ನ ನಾವು ಕ್ಲಾಸ್‌ನಲ್ಲಿ ಬರ್ಕೊಂಡಿದ್ದೀವಿ. ಆದ್ರೆ ಆ ಮಣ್ಣೊಳಗೆ ಎರಡು ಸಾವಿರ ವರ್ಷ ಹಳೆಯ ಊರು ಸಿಕ್ಕಿದ್ರೆ ಏನು ಮಾಡ್ಬೇಕು? ನಮ್ಮ ನೋಟ್ಸ್‌ನಲ್ಲಿ ಅದು ಎಲ್ಲೂ ಇಲ್ಲ. ಲಂಡನ್ ನಗರದ ನಡುವೆ ಕಟ್ಟಡ ಕಟ್ಟೋ ಇಂಜಿನಿಯರ್‌ಗೆ ಮಾತ್ರ ಇದು ಮಾಮೂಲಿ ಪ್ರಶ್ನೆ. ಅಲ್ಲಿ ಕೆಳಗಿರೋದು ರೋಮನ್ನರ ಲಂಡಿನಿಯಂ. ಈ ಪ್ರಶ್ನೆಗೆ ಬ್ರಿಟನ್ ಹೇಗೆ ಉತ್ತರ ಕಂಡುಕೊಂಡಿತು ಅಂತ ನೋಡೋಣ.

ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಅಲ್ಲಿ ಮೊದಲ ಕಾಯ್ದೆ ಬಂದದ್ದು 1882ರಲ್ಲಿ. ಈಗ ಜಾರಿಯಲ್ಲಿರೋದು 1979ರ ಕಾಯ್ದೆ. ಮುಖ್ಯವಾದ ಜಾಗಗಳನ್ನು ಒಂದು ಸರ್ಕಾರಿ ಪಟ್ಟಿಗೆ ಸೇರಿಸ್ತಾರೆ. ಇಂಗ್ಲೆಂಡ್ ಒಂದರಲ್ಲೇ ಅಂಥವು ಸುಮಾರು 20,000 ಇವೆ. ಅಲ್ಲಿ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕೋ ಹಾಗಿಲ್ಲ. ಸ್ಟೋನ್‌ಹೆಂಜ್ ಥರ ಕಣ್ಣಿಗೆ ಕಾಣೋದಕ್ಕೆ ಇದು ಸರಿ. ಆದ್ರೆ ಮಣ್ಣಿನಡಿ ಏನಿದೆ ಅಂತಾನೇ ಗೊತ್ತಿಲ್ಲದಿದ್ರೆ ಪಟ್ಟಿಗೆ ಸೇರಿಸೋದು ಹೇಗೆ?

ಈ ತೊಂದರೆ 1989ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ಹೊಸ ಆಫೀಸ್ ಕಟ್ಟಡಕ್ಕೆ ಅಂತ ಜಾಗ ಖಾಲಿ ಮಾಡಿದಾಗ ರೋಸ್ ಥಿಯೇಟರ್‌ನ ಅಡಿಪಾಯ ಸಿಕ್ಕಿತು. 1587ರಲ್ಲಿ ಕಟ್ಟಿದ, ಶೇಕ್ಸ್‌ಪಿಯರ್ ಮತ್ತು ಮಾರ್ಲೋ ನಾಟಕಗಳು ನಡೆದ ರಂಗಮಂದಿರ ಅದು. ಕಟ್ಟಡಕ್ಕೆ ಪರ್ಮಿಷನ್ ಆಗಲೇ ಸಿಕ್ಕಿತ್ತು. ಪುರಾತತ್ವದವರಿಗೆ ಕೊಟ್ಟ ಟೈಮ್ ಮುಗೀತಾ ಬಂದಿತ್ತು. ನಟ-ನಟಿಯರು, ಜನಸಾಮಾನ್ಯರು ಸೈಟ್ ಮುಂದೆ ಬಂದು ನಿಂತರು. ನಮಗೆಲ್ಲಾ ಗ್ಯಾಂಡಾಲ್ಫ್ ಅಂತ ಗೊತ್ತಿರೋ ಇಯಾನ್ ಮೆಕೆಲನ್ ಕೂಡ ಅವರಲ್ಲಿದ್ದರು. ಕೊನೆಗೆ ಡಿಸೈನ್ ಬದಲಾಯ್ತು. ಕಟ್ಟಡದ ಭಾರ ಅವಶೇಷಗಳ ಮೇಲೆ ಬೀಳದ ಹಾಗೆ, ಅವುಗಳನ್ನು ದಾಟಿ ನಿಲ್ಲೋ ಥರ ಕಟ್ಟಿದರು. ಕೆಳಗೆ ರಂಗಮಂದಿರ ಮರಳು, ನೀರಿನಡಿ ಈಗಲೂ ಇದೆ. ನೀರು ಯಾಕೆ ಅಂದ್ರೆ, ನಾನೂರು ವರ್ಷ ಒದ್ದೆ ಮಣ್ಣಲ್ಲಿದ್ದ ಮರ ಒಣಗಿ ಅದಕ್ಕೆ ಆಕ್ಸಿಜನ್ ತಾಗಿದ್ರೆ ಹಾಳಾಗೋಕೆ ಶುರುವಾಗುತ್ತೆ.

ಕೆಲಸ ಶುರುವಾದ ಮೇಲೆ ಡಿಸೈನ್ ಬದಲಿಸೋದು ಎಷ್ಟು ದುಬಾರಿ ಅಂತ ನಮಗೆ ಯಾರೂ ಹೇಳಬೇಕಿಲ್ಲ. ಮರುವರ್ಷವೇ, 1990ರಲ್ಲಿ, ಇಂಗ್ಲೆಂಡ್‌ನಲ್ಲಿ ಪಿಪಿಜಿ 16 ಅನ್ನೋ ಮಾರ್ಗಸೂಚಿ ಬಂತು. ಆಮೇಲೆ ಅದರ ಹೆಸರು, ದಾಖಲೆ ಎಲ್ಲಾ ಬದಲಾದರೂ ಮೂಲ ವಿಚಾರ ಹಾಗೇ ಉಳಿದಿದೆ: ಪುರಾತತ್ವದ ಪ್ರಶ್ನೆಯನ್ನು ಪರ್ಮಿಷನ್ ಕೊಡೋ ಮುಂಚೆ ಕೇಳಬೇಕು, ಅದರ ಖರ್ಚನ್ನು ಕಟ್ಟೋರೇ ಭರಿಸಬೇಕು.

ಇದು ನಡೆಯೋದು ಹಂತ ಹಂತವಾಗಿ. ಮೊದಲು ಟೇಬಲ್ ಮೇಲಿನ ಕೆಲಸ: ಹಳೇ ನಕ್ಷೆಗಳು, ಆ ಭಾಗದಲ್ಲಿ ಹಿಂದೆ ಏನೇನು ಸಿಕ್ಕಿದೆ ಅನ್ನೋ ಸ್ಥಳೀಯ ಡೇಟಾಬೇಸ್. ಅನುಮಾನ ಬಂದ್ರೆ ಕೆಲವು ಟ್ರೆಂಚ್ ತೋಡಿ ನೋಡ್ತಾರೆ. ಮುಖ್ಯವಾದದ್ದು ಸಿಕ್ಕಿದ್ರೆ ಎರಡು ದಾರಿ. ಪೈಲ್‌ಗಳ ಜಾಗ ಬದಲಿಸಿ ಅದನ್ನು ಇದ್ದಲ್ಲೇ ಉಳಿಸೋದು. ಅದು ಆಗದಿದ್ರೆ ಪೂರ್ತಿ ಅಗೆದು, ದಾಖಲಿಸಿ, ಆಮೇಲೆ ಕಟ್ಟೋದು.

ಇದರಿಂದ ಏನು ಬದಲಾಯ್ತು ಅನ್ನೋದಕ್ಕೆ ಒಂದೇ ಜಾಗದ ಎರಡು ಕಥೆ ಸಾಕು. 1954ರಲ್ಲಿ, ಎರಡನೇ ಮಹಾಯುದ್ಧದ ಬಾಂಬ್‌ಗೆ ಹಾಳಾಗಿದ್ದ ಒಂದು ಜಾಗದಲ್ಲಿ ರೋಮನ್ನರ ಮಿತ್ರಾಸ್ ದೇವರ ಗುಡಿ ಸಿಕ್ಕಿತು. ನೋಡೋಕೆ ಜನ ಕ್ಯೂ ನಿಂತರು. ಆದ್ರೂ ಗುಡಿಯನ್ನು ಬಿಚ್ಚಿ, 1962ರಲ್ಲಿ ಇನ್ನೊಂದು ಕಡೆ ಸಿಮೆಂಟ್ ಹಾಕಿ ಜೋಡಿಸಿದರು. 2010ರ ನಂತರ ಅದೇ ಜಾಗದಲ್ಲಿ ಬ್ಲೂಮ್‌ಬರ್ಗ್ ಕಂಪನಿ ತನ್ನ ಕಚೇರಿ ಕಟ್ಟುವಾಗ ಮೊದಲು ಪುರಾತತ್ವದವರು ಇಳಿದರು. ಒದ್ದೆ ಮಣ್ಣಲ್ಲಿ ರೋಮನ್ನರು ಬರೆಯೋಕೆ ಬಳಸ್ತಿದ್ದ ಮರದ ಹಲಗೆಗಳು 400ಕ್ಕೂ ಹೆಚ್ಚು ಸಿಕ್ಕವು. ಅದರಲ್ಲೊಂದು ಕ್ರಿ.ಶ. 57ರ ಜನವರಿ 8ರ ಸಾಲಪತ್ರ: ಒಬ್ಬ ಇನ್ನೊಬ್ಬನಿಗೆ 105 ದಿನಾರಿ ಕೊಡಬೇಕು ಅಂತ! ಗುಡಿಯನ್ನೂ ಹಳೇ ಜಾಗದ ಪಕ್ಕದಲ್ಲೇ, ರಸ್ತೆಯಿಂದ ಸುಮಾರು 7 ಮೀಟರ್ ಕೆಳಗೆ ಮತ್ತೆ ಕಟ್ಟಿದರು. 2017ರಿಂದ ಜನ ಇಳಿದು ಹೋಗಿ ನೋಡಬಹುದು.

ಹಾಗಂತ ಎಲ್ಲಾ ಸರಿಯಾಗಿದೆ ಅಂತಲ್ಲ. ಅಗೆಯೋ ಕೆಲಸ ಈಗ ಟೆಂಡರ್ ಥರ ನಡೆಯುತ್ತೆ. ಕಡಿಮೆ ರೇಟ್ ಹೇಳಿದವರಿಗೆ ಕೆಲಸ ಸಿಕ್ಕಿದಾಗ ಗುಣಮಟ್ಟ ಏನಾಗುತ್ತೆ ಅನ್ನೋ ಚಿಂತೆ ಅಲ್ಲಿನವರಿಗೇ ಇದೆ. ಸಿಕ್ಕ ವಸ್ತುಗಳನ್ನು ಇಡೋಕೆ ಎಷ್ಟೋ ಮ್ಯೂಸಿಯಂಗಳಲ್ಲಿ ಜಾಗ ಇಲ್ಲ. ಎಲ್ಲಕ್ಕಿಂತ ದೊಡ್ಡ ಮಾತು, ಅಗೆಯೋದು ಅಂದ್ರೇನೇ ಆ ಜಾಗವನ್ನು ಹಾಳು ಮಾಡೋದು. ಲ್ಯಾಬ್‌ನಲ್ಲಿ ರೀಡಿಂಗ್ ತಪ್ಪಿದ್ರೆ ನಾವು ಎಕ್ಸ್‌ಪೆರಿಮೆಂಟ್ ಮತ್ತೆ ಮಾಡ್ತೀವಿ. ಇಲ್ಲಿ ಎರಡನೇ ಸಲ ಅನ್ನೋದಿಲ್ಲ.

ನಾವು ಇದನ್ನೆಲ್ಲಾ ಓದೋವರೆಗೂ ಪುರಾತತ್ವ ಅಂದ್ರೆ ಹಿಸ್ಟರಿಯವರ ಕೆಲಸ ಅಂದ್ಕೊಂಡಿದ್ವಿ. ಆದ್ರೆ ರೋಸ್ ಥಿಯೇಟರ್ ಉಳಿದದ್ದು ಹೋರಾಟದ ಜೊತೆಗೆ ಯಾರೋ ಕೆಲವು ಇಂಜಿನಿಯರ್‌ಗಳು ಡ್ರಾಯಿಂಗ್ ಬೋರ್ಡ್ ಮುಂದೆ ಮತ್ತೆ ಕೂತು, ಭಾರವನ್ನು ಬೇರೆ ಕಡೆ ಸಾಗಿಸೋ ದಾರಿ ಹುಡುಕಿದ್ದರಿಂದ. ಅದೇ ಮಾತನ್ನು ಪರ್ಮಿಷನ್‌ಗೂ ಮುಂಚೆ ಕೇಳಿದ್ದಿದ್ರೆ ಅವರ ಕೆಲಸ ಎಷ್ಟೋ ಸುಲಭ ಆಗ್ತಿತ್ತು.