ಮಸೂರದ ಎಳೆ ಸಡಿಲವಾದಾಗ

ಕಣ್ಣಿನ ಮಸೂರ ಚೌಕಟ್ಟಿಗೆ ಕೂಡಿಸಿದ ಗಾಜಲ್ಲ. ಕೂದಲಿಗಿಂತ ಸಣ್ಣ ಎಳೆಗಳು ಅದರ ಚೀಲವನ್ನು ಸುತ್ತಲೂ ಎಳೆದು ಹಿಡಿದಿರುತ್ತವೆ. ಈ ಎಳೆಗಳು ಹುಟ್ಟಿನಿಂದಲೇ ದುರ್ಬಲವಾಗಿದ್ದರೆ, ಇಲ್ಲವೆ ಪೆಟ್ಟು ಬಿದ್ದು ಹರಿದರೆ, ಮಸೂರ ಜಾಗ ಬಿಟ್ಟು ಜಾರುತ್ತದೆ. ಅಪರೂಪದ ಈ ತೊಂದರೆಯಲ್ಲಿ ನೋಟ ಮಸುಕಾಗುತ್ತದೆ. ಕೆಲವರಿಗೆ ಒಂದೇ ಕಣ್ಣಿನಲ್ಲಿ ನೋಡಿದರೂ ವಸ್ತು ಎರಡಾಗಿ ಕಾಣುತ್ತದೆ.

ವಿಚಿತ್ರವೆಂದರೆ, ಒಂದು ಕಾಲದಲ್ಲಿ ಎಳೆ ಸಡಿಲವಾಗಿದ್ದರೆ ವೈದ್ಯರಿಗೆ ಅನುಕೂಲವೇ ಆಗುತ್ತಿತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ (ನಿಧನ: 2005) ಊರೂರಿನಲ್ಲಿ ಶಿಬಿರ ನಡೆಸಿ, ಒಂದೇ ದಿನ 833 ಮಂದಿಯ ಪೊರೆ ತೆಗೆದು ಗಿನ್ನೆಸ್ ಪುಸ್ತಕ ಸೇರಿದವರು. ಅವರು ಹೆಸರಾದ ದಶಕಗಳಲ್ಲಿ ಮಸೂರವನ್ನು ಚೀಲದ ಸಮೇತ ಹೊರತೆಗೆಯುವುದೇ ವಾಡಿಕೆ. ಅದಕ್ಕೆ ಎಳೆಗಳು ಹರಿಯಲೇಬೇಕು. 1950ರ ದಶಕದ ಕೊನೆಗೆ ಸ್ಪೇನಿನ ವೈದ್ಯ ಬರಾಕರ್ ಎಳೆ ಕರಗಿಸುವ ಔಷಧವನ್ನೇ ಬಳಕೆಗೆ ತಂದರು. ಆಮೇಲೆ ರೋಗಿಗೆ ದಪ್ಪ ಗಾಜಿನ ಕನ್ನಡಕ. ಹಾರೂಗೇರಿ, ರಾಯಬಾಗದ ಕಡೆಯ ಹಿರಿಯರಿಗೆ ಅಂಥ ಕನ್ನಡಕದ ಅಜ್ಜಂದಿರು ನೆನಪಿರಬೇಕು.

1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಕೃತಕ ಮಸೂರ ಕೂಡಿಸಿದ ಮೇಲೆ ಲೆಕ್ಕ ನಿಧಾನವಾಗಿ ತಿರುಗಿತು. ಈಗ ಚೀಲವನ್ನು ಉಳಿಸಿಕೊಂಡು ಒಳಗಿನ ತಿರುಳನ್ನಷ್ಟೇ ತೆಗೆದು, ಹೊಸ ಮಸೂರವನ್ನು ಅದರೊಳಗೆ ಇಡುತ್ತಾರೆ. ಆ ಚೀಲ ನಿಂತಿರುವುದೇ ಹಳೆಯ ಎಳೆಗಳ ಮೇಲೆ! ಅವು ಸಡಿಲವಿರುವುದು ಮೊದಲೇ ಗೊತ್ತಾಗದಿದ್ದರೆ, ಶಸ್ತ್ರಚಿಕಿತ್ಸೆಯ ನಡುವೆ ಮಸೂರ ಕಣ್ಣಿನ ಹಿಂಭಾಗಕ್ಕೆ ಬೀಳಬಹುದು. ಗೊತ್ತಿದ್ದರೆ ದಾರಿಗಳಿವೆ: ಚೀಲದೊಳಗೆ ಉಂಗುರ ಸೇರಿಸಿ ಅದನ್ನು ಬಿಗಿಯಾಗಿ ನಿಲ್ಲಿಸಬಹುದು. ಅದೂ ಸಾಲದಿದ್ದರೆ ಮಸೂರವನ್ನು ಕಣ್ಣಿನ ಬಿಳಿ ಗೋಡೆಗೆ ಹೊಲಿದು ನಿಲ್ಲಿಸುವುದುಂಟು. ಕಣ್ಣು ಹೊರಳಿಸಿದಾಗ ಪಾಪೆಯ ಸುತ್ತಲ ಬಣ್ಣದ ಪರದೆ ನಡುಗುವುದು ವೈದ್ಯರಿಗೆ ಸಿಗುವ ಮುಖ್ಯ ಸುಳಿವು.

ಚಿಕ್ಕ ಮಕ್ಕಳಲ್ಲಿ ಮಸೂರ ಜಾರಿದ್ದರೆ ಕಣ್ಣೊಂದನ್ನೇ ನೋಡಿದರೆ ಸಾಲದು. ಎತ್ತರದ ಮೈಕಟ್ಟು, ಉದ್ದ ಬೆರಳುಗಳಿದ್ದರೆ ಮಾರ್ಫಾನ್ ಕಾಯಿಲೆಯಿರಬಹುದು. ಅದರಲ್ಲಿ ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗುವ ಭಯವಿದೆ. ಹೋಮೋಸಿಸ್ಟಿನೂರಿಯಾ ಎಂಬ ಇನ್ನೊಂದು ಕಾಯಿಲೆಯಲ್ಲೂ ಮೈಕಟ್ಟು ಹಾಗೆಯೇ ಇರಬಹುದು. ಇದರಲ್ಲಿ ರಕ್ತ ಹೆಪ್ಪುಗಟ್ಟುವುದರಿಂದ ಅರಿವಳಿಕೆ ಕೊಡುವುದೇ ಅಪಾಯ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಇದು ಕಾಣಿಸಿಕೊಳ್ಳುವುದರಿಂದ, ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿಯಿರುವ ನಮ್ಮ ಕಡೆ ಈ ಮಾತಿಗೆ ತೂಕ ಹೆಚ್ಚು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿಸಿದರೆ ಇದು ತಿಳಿಯುತ್ತದೆ. ಕೆಲವು ಮಕ್ಕಳಿಗೆ ಬಿ6 ಜೀವಸತ್ವದಿಂದಲೇ ಗುಣ ಕಾಣುತ್ತದೆ.