ಪುಟ್ಟ ಕೈಗೆ ನಿಜವಾದ ಕುರ್ಚಿಗೆ

ಆಟಿಕೆ ಅಂಗಡಿಗಳಲ್ಲಿ ಮಕ್ಕಳ ತೋಟಗಾರಿಕೆಗೆಂದು ಮಾರುವ ಬಣ್ಣಬಣ್ಣದ ಪ್ಲಾಸ್ಟಿಕ್ ಸೆಟ್ಟು ಮರಳಿನಲ್ಲಿ ಆಡಲು ಸರಿ. ನಮ್ಮ ಮಣ್ಣಿಗೆ ಅದು ಸಾಲದು. ಬೇಸಿಗೆಯಲ್ಲಿ ಬಿಗಿದುಕೊಂಡ ಕೆಂಪು ನೆಲಕ್ಕೆ ಊರಿದರೆ ಸಲಿಕೆಯೇ ಬಾಗುತ್ತದೆ. ಮಳೆಯಾದ ಮೇಲೆ ಎರೆಮಣ್ಣಿಗೆ ಊರಿದರೆ ಅಂಟಿಕೊಂಡು ಮೇಲೇಳುವುದೇ ಇಲ್ಲ. ಸೋತದ್ದು ಸಲಿಕೆ ಎಂದು ನಾಲ್ಕು ವರ್ಷದ ಮಗುವಿಗೆ ತಿಳಿಯುವುದು ಹೇಗೆ? ತನ್ನ ಕೈಲಾಗದು ಎಂದುಕೊಂಡು ಎದ್ದು ಹೋಗುತ್ತದೆ. ದೊಡ್ಡವರು ‘ಇವನಿಗೆ ಗಿಡಗಳ ಮೇಲೆ ಮನಸ್ಸಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಮಕ್ಕಳ ಸಲಕರಣೆ ಗಾತ್ರದಲ್ಲಿ ಚಿಕ್ಕದಿರಬೇಕು, ಕೆಲಸದಲ್ಲಿ ಅಲ್ಲ.

ಹಳೆಯ ಶಿಕ್ಷಣತಜ್ಞರು ಇದನ್ನು ಬಲ್ಲವರಾಗಿದ್ದರು. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬರ್ಗ್ ಊರಿನಲ್ಲಿ ಎಳೆಯರ ಶಾಲೆ ತೆರೆದ ಫ್ರೋಬೆಲ್, ಮಕ್ಕಳೆಲ್ಲ ಸೇರಿ ನೋಡಿಕೊಳ್ಳುವ ಪಾತಿಗಳ ಜೊತೆಗೆ ಒಬ್ಬೊಬ್ಬರಿಗೂ ಒಂದೊಂದು ಸ್ವಂತ ಪಾತಿ ಇರಬೇಕೆಂದ. ಸ್ವಂತ ಪಾತಿಯಲ್ಲಿ ಮಗು ತನಗೆ ತೋಚಿದ್ದನ್ನು ನೆಡಬಹುದು, ಒಣಗಿಸಲೂಬಹುದು. ಮುಂದೆ 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಶಾಲೆ ಶುರುಮಾಡಿದ ಮಾಂಟೆಸ್ಸರಿ, ಮಕ್ಕಳ ಅಳತೆಗೆ ತಕ್ಕ ಮೇಜು ಕುರ್ಚಿ ಮಾಡಿಸಿದರು. ಬಿದ್ದರೆ ಒಡೆಯುವ ನಿಜವಾದ ತಟ್ಟೆ ಲೋಟಗಳನ್ನೇ ಕೈಗೆ ಕೊಟ್ಟರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ಶಿಕ್ಷಕರಿಗೂ ಪಾಠ ಹೇಳಿದರು. ಇವರಿಬ್ಬರ ಹೆಸರು ಹೇಳಿಕೊಳ್ಳುವ ಶಿಶುವಿಹಾರಗಳು ಊರೂರಿಗೂ ಇವೆ, ಅಂಗಳ ಮಾತ್ರ ಬಹುಪಾಲು ಸಿಮೆಂಟಿನದು.

ಮೊದಲ ಸಲಕರಣೆಯಾಗಿ ಕೊಡಬೇಕಾದದ್ದು ಕಳೆ ತೆಗೆಯುವ ಕುರ್ಚಿಗೆ. ಉತ್ತರ ಕರ್ನಾಟಕದವರು ಇದನ್ನೇ ಕುರಪಿ ಎನ್ನುತ್ತಾರೆ. ಕುಕ್ಕರುಗಾಲಿನಲ್ಲಿ ಕೂತು ಬಳಸುವಂಥದ್ದು, ಎತ್ತಿ ಬೀಸುವ ಕೆಲಸವಿಲ್ಲ, ಮಗುವಿನ ಕೂರುವ ಭಂಗಿಗೆ ಹೇಳಿ ಮಾಡಿಸಿದ್ದು. ಸಂತೆಯಲ್ಲಿ ಕುಡುಗೋಲು, ಮಚ್ಚು ಹರಡಿಕೊಂಡು ಕೂರುವ ಕಮ್ಮಾರರ ಬಳಿ ಕೇಳಿದರೆ ಚಿಕ್ಕ ಅಲಗಿನದನ್ನು ಹುಡುಕಿಯೋ ಬಡಿದೋ ಕೊಡುತ್ತಾರೆ. ಅಂಚನ್ನು ಹದವಾಗಿ ಮೊಂಡು ಮಾಡಿಸಿಕೊಳ್ಳಿ. ಮಣ್ಣು ಕೆದಕಲು ಹರಿತ ಬೇಕಿಲ್ಲ. ಹಿಡಿಯ ದಪ್ಪ ನೋಡುವುದು ಸುಲಭ: ಮಗು ಹಿಡಿದಾಗ ಹೆಬ್ಬೆರಳು ಬಳಸಿ ಬಂದು ಉಳಿದ ಬೆರಳಿಗೆ ತಾಕಬೇಕು. ತಾಕದಿದ್ದರೆ ಹಿಡಿತ ಜಾರುತ್ತದೆ, ಅಂಗೈ ಬೊಬ್ಬೆ ಬರುತ್ತದೆ.

ಪೇಟೆಯ ಕೈಸಲಿಕೆಯನ್ನೇ ಕೊಳ್ಳುವುದಾದರೆ ಅದರ ಕತ್ತು ನೋಡಿ. ಮಣ್ಣು ಮೀಟುವಾಗ ಸಲಿಕೆ ಒಂದು ಸನ್ನೆಗೋಲು, ಬಲವೆಲ್ಲ ಬಂದು ನಿಲ್ಲುವುದು ಅಲಗೂ ಹಿಡಿಯೂ ಕೂಡುವ ಜಾಗದಲ್ಲಿ. ತೆಳು ತಗಡನ್ನು ಮಡಚಿ ಹಿಡಿಗೆ ಸಿಕ್ಕಿಸಿದ್ದು ಅಲ್ಲೇ ಬಗ್ಗುತ್ತದೆ. ಅಂಗಡಿಯಲ್ಲೇ ತುದಿಯನ್ನು ನೆಲಕ್ಕೆ ಊರಿ ಒಮ್ಮೆ ಒತ್ತಿ ನೋಡಿದರೆ ಗೊತ್ತಾಗಿಬಿಡುತ್ತದೆ. ಅಂಗಡಿಯವರು ಗೊಣಗಲಿ ಬಿಡಿ.

ಗುದ್ದಲಿ, ಪಿಕಾಸಿ ಬೇಡವೇ ಬೇಡ. ತಲೆಯ ಮೇಲಕ್ಕೆ ಎತ್ತಿ ಇಳಿಸುವ ಯಾವುದೂ ಎಳೆಯರ ಕೈಗೆ ಸಲ್ಲದು, ಪಕ್ಕದಲ್ಲಿ ಇನ್ನೊಂದು ಮಗು ಇದ್ದರಂತೂ ಅಪಾಯ ಖಂಡಿತ. ನೆಲ ಅಗೆಯುವುದು ದೊಡ್ಡವರ ಪಾಲು; ಹೆಂಟೆ ಒಡೆಯುವುದು, ಕಲ್ಲು ಆಯುವುದು ಮಕ್ಕಳ ಪಾಲು. ಈ ಹಂಚಿಕೆಗೆ ಅವರು ತಕರಾರು ತೆಗೆಯುವುದಿಲ್ಲ, ಕಲ್ಲು ಆಯುವುದೆಂದರೆ ಅವರಿಗೆ ಎಲ್ಲಕ್ಕಿಂತ ಇಷ್ಟ.

ನೀರಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಐದು ವರ್ಷದ ಮಗುವಿನ ತೂಕ ಸುಮಾರು 18 ಕಿಲೋ ಎಂದರೆ, 5 ಲೀಟರಿನ ಬಕೆಟ್ ಅದರ ಮೈತೂಕದ ಕಾಲುಭಾಗವನ್ನೂ ಮೀರುತ್ತದೆ. ಒಂದು ಲೀಟರಿನ ಬಾಟಲಿ ಸಾಕು. ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ತೂತು ಮಾಡಿಕೊಡಿ, ಈ ಕೆಲಸ ನಿಮ್ಮದು. ಚೊಂಬಿನಿಂದ ಸುರಿದರೆ ಬಿತ್ತಿದ ಬೀಜವೆಲ್ಲ ಮೂಲೆಗೆ ಕೊಚ್ಚಿಹೋಗುತ್ತದೆ. ಹಳ್ಳಿಗಳಲ್ಲಿ ಕೀಟನಾಶಕದ ಖಾಲಿ ಡಬ್ಬಿ ತೊಳೆದು ಬಳಸುವ ರೂಢಿ ಇದೆ. ಎಷ್ಟು ತೊಳೆದರೂ ಅದು ಮಕ್ಕಳ ಕೈಗೆ ಬರಕೂಡದು.

ಕೈಗವಸು ಇಲ್ಲದಿದ್ದರೆ ನಡೆಯುತ್ತದೆ. ಮಗುವಿನ ಅಳತೆಯದು ಸಿಗುವುದೂ ಕಷ್ಟ, ಸಡಿಲವಾದದ್ದು ಹಾಕಿಕೊಂಡರೆ ಕಾಳು ಹಿಡಿಯಲಾಗದು. ಚಪ್ಪಲಿ ಮಾತ್ರ ಬಿಡಬಾರದು; ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ತೂರಿಯೇ ಮೈಸೇರುತ್ತದೆ. ಮಣ್ಣಿನ ಗಾಯದಿಂದ ಧನುರ್ವಾಯು ಬರಬಹುದು, ಐದು ವರ್ಷ ದಾಟುವಾಗ ಹಾಕಿಸಬೇಕಾದ ಡಿಪಿಟಿ ಬೂಸ್ಟರ್ ಲಸಿಕೆ ತಪ್ಪಿಲ್ಲವಷ್ಟೆ ಎಂದು ಕಾರ್ಡು ತೆಗೆದು ನೋಡಿಕೊಳ್ಳಿ. ಬೇಲಿಯ ಕಡೆಗೂ ಒಮ್ಮೆ ಕಣ್ಣಾಡಿಸಬೇಕು. ಕೆಂಪು ಕಪ್ಪಿನ ಗುಲಗಂಜಿ ಮಕ್ಕಳನ್ನು ಸೆಳೆದಷ್ಟು ಇನ್ನಾವ ಬೀಜವೂ ಸೆಳೆಯದು, ಅಗಿದರೆ ಅದು ಕಡುವಿಷ. ಹರಳು ಬೀಜವೂ ಕಣಗಿಲೆಯೂ ಅದೇ ಸಾಲಿನವು.

ಇನ್ನು ಬಿತ್ತನೆ. ಪುಟ್ಟ ಬೆರಳಿಗೆ ದಪ್ಪ ಬೀಜವೇ ಅನುಕೂಲ: ಅವರೆ, ಹುರುಳಿಕಾಯಿ, ಕುಂಬಳ, ಬೆಂಡೆ. ಬೀಜದ ದಪ್ಪದ ಎರಡು ಮೂರರಷ್ಟು ಆಳ ಸಾಕು, ಅಂದರೆ ಬೆರಳಿನ ಮೊದಲ ಗೆಣ್ಣಿನಷ್ಟು. ಕಾಯುವ ತಾಳ್ಮೆ ಇನ್ನೂ ಬಲಿಯದ ವಯಸ್ಸು ಇದು, ಆದ್ದರಿಂದ ಪಕ್ಕದಲ್ಲೇ ಮೆಂತ್ಯವೋ ಹೆಸರುಕಾಳೋ ಚೆಲ್ಲಿರಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ. ಕೊತ್ತಂಬರಿಯನ್ನು ಮೊದಲಿಗೇ ಹಾಕಿದರೆ ವಾರ ದಾಟಿದರೂ ನೆಲ ಬರಿದಾಗಿಯೇ ಇರುತ್ತದೆ. ಒಂದು ತಿಂಗಳೊಳಗೆ ಕಿತ್ತು ತಿನ್ನುವಂಥದ್ದು ಬೇಕಾದರೆ ಕೆಂಪು ಮೂಲಂಗಿ ಇದೆ, ಹರಿವೆ ಸೊಪ್ಪು ಇದೆ.

ಬಿತ್ತಿದ ಮರುದಿನವೇ ಅಗೆದು ನೋಡುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಗದರಿಸಬೇಡಿ. ಅಗೆದು ನೋಡಲೆಂದೇ ಸಾಲಿನ ಕೊನೆಯಲ್ಲಿ ಹತ್ತು ಕಾಳು ಹೆಚ್ಚು ಹಾಕಿಸಿ, ದಿನಕ್ಕೊಂದನ್ನು ಅದೇ ಕುರ್ಚಿಗೆಯಿಂದ ಎಬ್ಬಿಸಿ ನೋಡಲಿ. ಬೇರು ಕೆಳಕ್ಕೆ, ಚಿಗುರು ಮೇಲಕ್ಕೆ ಹೊರಡುವ ಹೊತ್ತಿಗೆ ಅವರೇ ಕೇಳುತ್ತಾರೆ, ಬೀಜವನ್ನು ತಲೆಕೆಳಗಾಗಿ ಹಾಕಿದರೆ ಏನಾಗುತ್ತದೆ ಎಂದು. ಇನ್ನೆರಡು ಕಾಳು ಕೊಡಿ.