ಭಾರದ ವಾಹನ, ಚಾಲಕನ ಅರ್ಹತೆ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸಣ್ಣ ಕಾರ್ಖಾನೆಗಳಿಗೆ ಹೆಸರಾದ ಪ್ರದೇಶ. ಸರಕು ತುಂಬಿದ ಟೆಂಪೋ, ಲಾರಿಗಳೆರಡೂ ಇಲ್ಲಿ ಓಡಾಡುತ್ತವೆ. ಆದರೆ ಒಂದನ್ನು ನಡೆಸಬಲ್ಲವನಿಗೆ ಇನ್ನೊಂದನ್ನು ನಡೆಸುವ ಅಧಿಕಾರವಿರಬೇಕೆಂದಿಲ್ಲ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಹೊರಬಹುದಾದ ಭಾರವೂ ಸೇರಿ ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ವಾಹನವು ಲಘು ವಾಹನ. 12,000 ಕಿಲೋಗ್ರಾಂ ಮೀರಿದ ಸರಕು ವಾಹನವು ಭಾರಿ ವಾಹನ, ನಡುವಿನದು ಮಧ್ಯಮ. ಮಧ್ಯಮ ಮತ್ತು ಭಾರಿ ವಾಹನಗಳಿಗೆ ಮೊದಲು ಪ್ರತ್ಯೇಕ ವರ್ಗಗಳಿದ್ದವು. 1994ರ ತಿದ್ದುಪಡಿ ಅವನ್ನು ‘ಸಾರಿಗೆ ವಾಹನ’ವೆಂಬ ಒಂದೇ ವರ್ಗಕ್ಕೆ ಸೇರಿಸಿತು.

ಇದರಿಂದ ತೊಡಕೂ ಹುಟ್ಟಿತು. ಬಾಡಿಗೆಯ ಟೆಂಪೋ ತೂಕದಲ್ಲಿ ಲಘು, ಬಳಕೆಯಲ್ಲಿ ಸಾರಿಗೆ. ಅಪಘಾತವಾದಾಗ ಚಾಲಕನ ಪರವಾನಗಿ ಸರಿಯಿಲ್ಲವೆಂದು ವಿಮಾ ಕಂಪನಿಗಳು ವಾದಿಸುತ್ತಿದ್ದವು. ಗಾಯಗೊಂಡವರ ಪರಿಹಾರ ನ್ಯಾಯಾಲಯದ ವಿವಾದವಾಗುತ್ತಿತ್ತು. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, 7,500 ಕಿಲೋಗ್ರಾಂವರೆಗಿನ ಸಾರಿಗೆ ವಾಹನಕ್ಕೆ ಲಘು ವಾಹನದ ಪರವಾನಗಿಯೇ ಸಾಕೆಂದು ತೀರ್ಪಿತ್ತಿತು. ಬಡ ಚಾಲಕನಿಗೂ ಗಾಯಾಳುವಿಗೂ ಇದು ದೊಡ್ಡ ಆಸರೆಯೇ ಸರಿ.

ಲಾರಿಯ ಮಾತು ಬೇರೆ. ಅದನ್ನು ನಡೆಸಲು ಇಪ್ಪತ್ತು ವರ್ಷ ತುಂಬಿರಬೇಕು; ಕಲಿಕೆಯ ಪರವಾನಗಿಗೆ ಮುನ್ನ ಲಘು ವಾಹನದ ಪರವಾನಗಿ ಪಡೆದು ಒಂದು ವರ್ಷವಾದರೂ ಕಳೆದಿರಬೇಕು. ಈ ಕಟ್ಟಳೆ ಅಕಾರಣವಲ್ಲ. 1,200 ಕಿಲೋಗ್ರಾಂ ತೂಗುವ ಕಾರೂ 12,000 ಕಿಲೋಗ್ರಾಂ ತೂಗುವ ಲಾರಿಯೂ ಒಂದೇ ವೇಗದಲ್ಲಿ ಚಲಿಸುವಾಗ ಲಾರಿಯ ಚಲನಶಕ್ತಿ ಹತ್ತು ಪಟ್ಟು. ಬ್ರೇಕು ಅಷ್ಟನ್ನೂ ತಡೆಯಬೇಕು. ತಿರುವಿನಲ್ಲಂತೂ ಉದ್ದನೆಯ ಲಾರಿಯ ಹಿಂದಿನ ಗಾಲಿಗಳು ಮುಂದಿನವುಗಳ ಜಾಡಿನಲ್ಲಿ ಸಾಗದೆ ಒಳಮಗ್ಗುಲಿಗೆ ಸರಿಯುತ್ತವೆ. ಇಕ್ಕಟ್ಟಾದ ಬೀದಿಯ ಮೂಲೆಯಲ್ಲಿ ಸೈಕಲ್ ಹಿಡಿದು ನಿಂತ ಹುಡುಗನಿಗೆ ಅದು ತಿಳಿದಿರುವುದಿಲ್ಲ, ಚಾಲಕನಿಗೆ ತಿಳಿದಿರಲೇಬೇಕು.